ಪ್ರಯೋಗ: ರಂಗದ್ದೋ, ಪ್ರಯೋಗಶಾಲೆಯದ್ದೋ?



ಕನ್ನಡದ ‘ಪ್ರಯೋಗ’ ಎಂಬ ಪದವನ್ನು ಒಮ್ಮೆ ಗಮನಿಸಿ. ನಾಟಕ ಕಂಪನಿ ಊರಿಗೆ ಬಂದು ಟೆಂಟು ಹಾಕಿದರೆ ‘ಇಂದು ಹತ್ತನೇ ಪ್ರಯೋಗ’ ಎಂದು ಬೋರ್ಡು ಬರೆಸುತ್ತದೆ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಲಿಟ್ಮಸ್ ಕಾಗದವನ್ನು ಆಮ್ಲದಲ್ಲಿ ಅದ್ದಿ ತೋರಿಸಿದರೆ ಅದೂ ಪ್ರಯೋಗವೇ. ಪದ ಒಂದೇ, ಕೆಲಸ ಎರಡು. ನಾಟಕದ ಪ್ರಯೋಗದಲ್ಲಿ ಕೊನೆಗೆ ಏನಾಗಬೇಕು ಎಂಬುದು ಆಡುವವರಿಗೆ ಮೊದಲೇ ಗೊತ್ತಿರುತ್ತದೆ. ವಿಜ್ಞಾನದ ಪ್ರಯೋಗದಲ್ಲಿ ಕೊನೆಗೆ ಏನಾಗುತ್ತದೆ ಎಂದು ತಿಳಿಯುವುದಕ್ಕಾಗಿಯೇ ಕೆಲಸ ಶುರುವಾಗುತ್ತದೆ. ಉರ್ದುವಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ. ನೋಡಿ ಆನಂದಿಸುವುದು ‘ತಮಾಷಾ’. ಮಾಡಿ ತಿಳಿಯುವುದು ‘ತಜುರ್ಬಾ’; ಈ ಪದಕ್ಕೆ ಅನುಭವ ಎಂಬ ಅರ್ಥವೂ ಇದೆ.

ಇಂದು ಟಿ.ವಿ.ಯಲ್ಲಿಯೂ ಮೊಬೈಲಿನಲ್ಲಿಯೂ ‘ಮನೋವೈಜ್ಞಾನಿಕ ಪ್ರಯೋಗ’ ಎಂಬ ಹೆಸರಿನಲ್ಲಿ ಅನೇಕ ದೃಶ್ಯಗಳು ಬರುತ್ತವೆ. ಮಗುವಿನ ಮುಂದೆ ಮಿಠಾಯಿ ಇಟ್ಟು ಅದರ ಭವಿಷ್ಯ ಹೇಳುತ್ತಾರೆ. ಗುಟ್ಟಾಗಿ ಕ್ಯಾಮೆರಾ ಇಟ್ಟು ದಾರಿಹೋಕರ ದಯೆಯನ್ನು ಅಳೆಯುತ್ತಾರೆ. ಇವುಗಳಲ್ಲಿ ಯಾವುದು ತಮಾಷಾ, ಯಾವುದು ತಜುರ್ಬಾ? ಇದನ್ನು ಅರಿಯಬೇಕಾದರೆ ಇಂಥ ಪ್ರಯೋಗಗಳ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು.

ಬೇಲೂರಿನ ಕಪ್ಪೆ

ದೂರದ ದೇಶಗಳಿಗೆ ಹೋಗುವ ಮುನ್ನ ನಮ್ಮ ಪಕ್ಕದ ಬೇಲೂರಿಗೇ ಹೋಗೋಣ. ಚೆನ್ನಕೇಶವ ದೇವಾಲಯದ ಆವರಣದಲ್ಲಿರುವ ಕಪ್ಪೆ ಚೆನ್ನಿಗರಾಯನ ಕಥೆ ನಿಮಗೆಲ್ಲ ಗೊತ್ತು. ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗ ಡಂಕಣ ಹೇಳಿದ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿ ಪಣ ತೊಟ್ಟ. ವಿಗ್ರಹಕ್ಕೆಲ್ಲ ಗಂಧ ಬಳಿದರು. ಹೊಕ್ಕುಳ ಬಳಿ ಮಾತ್ರ ಗಂಧ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟು ಹೊಡೆದರೆ ನೀರೂ ಜೀವಂತ ಕಪ್ಪೆಯೂ ಹೊರಬಂದವು.

ಗಮನಿಸಿ, ಈ ಕಥೆಯೇ ಒಂದು ಪ್ರಯೋಗದ ಕಥೆ. ಅದರಲ್ಲಿ ಊಹೆ ಇದೆ, ಪರೀಕ್ಷೆ ಇದೆ, ಸುತ್ತ ನೆರೆದ ಸಾಕ್ಷಿಗಳಿದ್ದಾರೆ, ಎಲ್ಲರೂ ಬೆರಗಾಗುವ ಫಲಿತಾಂಶವೂ ಇದೆ. 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರ ಬಂದ ಮೇಲೆ ಕಥೆಗೆ ಬಣ್ಣವೂ ಬಂತು. ಆದರೆ 1117ರಲ್ಲಿ ಪ್ರತಿಷ್ಠಾಪನೆಯಾದ ಈ ದೇವಾಲಯದ ಶಾಸನಗಳಲ್ಲಿ ಈ ಕಥೆಗೆ ಆಧಾರ ಸಿಗುವುದಿಲ್ಲ. ಅಲ್ಲಿ ಸಿಗುವುದು ಬೇರೆ ಹೆಸರುಗಳು. ಮದನಿಕೆಯರ ಪೀಠಗಳ ಬಳಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೆತ್ತಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿಯೂ ಶಿಲ್ಪಿಗಳ ಸಹಿಗಳಿವೆ. ಪ್ರವಾಸಕ್ಕೆ ಹೋದ ಮಕ್ಕಳು ಕಪ್ಪೆಯ ಕಥೆಯನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ದಾಸೋಜನ ಹೆಸರು ಓದಿ ಬರುವವರು ಕಡಿಮೆ. ಕಥೆ ಸುಂದರವಾಗಿದೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಕಥೆಯನ್ನು ಕಥೆಯೆಂದೂ ಶಾಸನವನ್ನು ಶಾಸನವೆಂದೂ ಓದಬೇಕು. ಮನೋವಿಜ್ಞಾನದ ಪ್ರಯೋಗಗಳಿಗೂ ಇದೇ ಮಾತು ಸಲ್ಲುತ್ತದೆ. ಪರದೆಯ ಮೇಲೆ ಕಾಣುವುದು ಕಥೆ. ಅದರ ಶಾಸನ ಬೇರೆ ಕಡೆ ಇರುತ್ತದೆ.

ಮೈಸೂರಿನಲ್ಲಿ ಒಂದೇ ಮನೆ

ಮನೋವಿಜ್ಞಾನಕ್ಕೂ ಪ್ರಸಾರ ಮಾಧ್ಯಮಕ್ಕೂ ನಮ್ಮ ನಾಡಿನಲ್ಲಿ ಹಳೆಯ ನಂಟಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಕಲ್ಕತ್ತ ವಿಶ್ವವಿದ್ಯಾನಿಲಯದ ನಂತರ ದೇಶದಲ್ಲಿ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ತೆರೆದದ್ದು ಮೈಸೂರು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಕಲಿತು ಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಚಿಕ್ಕ ಯಂತ್ರವೊಂದರ ಸಹಾಯದಿಂದ ರೇಡಿಯೋ ಪ್ರಸಾರ ಶುರುಮಾಡಿದರು. ಆ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು.

ಹೀಗೆ ಒಬ್ಬರೇ ವ್ಯಕ್ತಿಯ ಒಂದು ಕೈಯಲ್ಲಿ ಪ್ರಯೋಗಶಾಲೆ, ಇನ್ನೊಂದು ಕೈಯಲ್ಲಿ ಪ್ರಸಾರ ಯಂತ್ರ ಇದ್ದವು. ಆದರೆ ಎರಡರ ಕೆಲಸ ಬೇರೆ. ಪ್ರಸಾರಕ್ಕೆ ಕೇಳುಗರು ಬೇಕು, ಪ್ರಯೋಗಶಾಲೆಗೆ ಲೆಕ್ಕ ಬೇಕು. ಬಿ.ಎಡ್. ಓದಿದವರೆಲ್ಲ ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಕೋಹ್ಲರನ ಚಿಂಪಾಂಜಿ ಎಂದು ಪರೀಕ್ಷೆಯಲ್ಲಿ ಬರೆದೇ ಬಂದವರು. ಅಲ್ಲಿ ಬೆಕ್ಕು ಪೆಟ್ಟಿಗೆಯಿಂದ ಹೊರಬಂತು ಎಂಬುದು ಮುಖ್ಯವಲ್ಲ. ಎಷ್ಟನೇ ಸಲ, ಎಷ್ಟು ಸೆಕೆಂಡಿನಲ್ಲಿ ಬಂತು ಎಂಬುದು ಮುಖ್ಯ. ಟಿ.ವಿ. ಬಂದ ಮೇಲೆ ಈ ಎರಡನೆಯ ಪ್ರಶ್ನೆಯೇ ಹಿಂದೆ ಸರಿಯಿತು.

ಲಿಫ್ಟಿನಲ್ಲಿ ತಿರುಗಿ ನಿಂತವರು

ಅಮೆರಿಕದ ‘ಕ್ಯಾಂಡಿಡ್ ಕ್ಯಾಮೆರಾ’ ಎಂಬ ಕಾರ್ಯಕ್ರಮ ಮೊದಲು ರೇಡಿಯೋದಲ್ಲಿ ಶುರುವಾಗಿ 1948ರಲ್ಲಿ ಟಿ.ವಿ.ಗೆ ಬಂತು. ಅದರ ನಿರ್ಮಾಪಕ ಆಲನ್ ಫಂಟ್. 1962ರಲ್ಲಿ ಪ್ರಸಾರವಾದ ಒಂದು ದೃಶ್ಯ ಬಹಳ ಪ್ರಸಿದ್ಧ. ಒಬ್ಬ ಅಮಾಯಕ ಲಿಫ್ಟಿನೊಳಗೆ ಬರುತ್ತಾನೆ. ಕಾರ್ಯಕ್ರಮದ ಕಡೆಯವರು ಮೂರ್ನಾಲ್ಕು ಜನ ಒಳಬಂದು ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಆತ ಕೈಗಡಿಯಾರ ನೋಡಿಕೊಳ್ಳುತ್ತಾನೆ, ಮೂಗು ತುರಿಸಿಕೊಳ್ಳುತ್ತಾನೆ, ಕೊನೆಗೆ ಮೆಲ್ಲನೆ ತಾನೂ ತಿರುಗುತ್ತಾನೆ. ನೋಡಿದವರಿಗೆಲ್ಲ ನಗು. ಮನುಷ್ಯ ಕುರಿಮಂದೆಯಂತೆ ಎಂಬ ಪಾಠವನ್ನು ಕಾಲೇಜು ತರಗತಿಗಳಲ್ಲಿಯೂ ಈ ದೃಶ್ಯ ತೋರಿಸಿ ಹೇಳಿದರು.

ಇದರ ಹಿಂದೆ ಸೊಲೊಮನ್ ಆಶ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿ ಮಾಡಿದ ನಿಜವಾದ ಪ್ರಯೋಗವಿದೆ. ಒಂದು ಗೆರೆ ತೋರಿಸಿ, ಅಷ್ಟೇ ಉದ್ದದ ಗೆರೆ ಮೂರರಲ್ಲಿ ಯಾವುದು ಎಂದು ಕೇಳುವುದು. ಜೊತೆಯಲ್ಲಿ ಕುಳಿತವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಕೊಡುತ್ತಾರೆ. ಪಾಪದ ಒಬ್ಬನಿಗೆ ಮಾತ್ರ ವಿಷಯ ಗೊತ್ತಿಲ್ಲ. ಫಲಿತಾಂಶವೇನು? ಇಂಥ ಸಂದರ್ಭಗಳ ಉತ್ತರಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಗುಂಪಿನ ಕಡೆಗೆ ವಾಲಿದವು. ಉಳಿದ ಸುಮಾರು ಮೂರನೇ ಎರಡು ಭಾಗ ಉತ್ತರಗಳಲ್ಲಿ ಜನ ಕಣ್ಣಿಗೆ ಕಂಡ ಸತ್ಯವನ್ನೇ ಹೇಳಿದರು. ಸುಮಾರು ನಾಲ್ಕರಲ್ಲಿ ಒಬ್ಬ ಒಮ್ಮೆಯೂ ಗುಂಪಿಗೆ ಮಣಿಯಲಿಲ್ಲ. ಎರಡೂ ಸಂಗತಿ ಒಂದೇ ವರದಿಯಲ್ಲಿವೆ. ಆದರೆ ಪರದೆಗೆ ಹೋದದ್ದು ಮಣಿದವನ ಚಿತ್ರ. ಮಣಿಯದವನು ಲಿಫ್ಟಿನಲ್ಲಿ ನೆಟ್ಟಗೆ ನಿಂತಿದ್ದರೆ ಅದರಲ್ಲಿ ನಗುವುದಕ್ಕೇನಿದೆ? ಮನರಂಜನೆಯ ಕತ್ತರಿಗೆ ಮೊದಲು ಸಿಕ್ಕುವವನು ಅವನೇ. ಹಾಗಾಗಿ ಟಿ.ವಿ. ಪ್ರಯೋಗದ ಮೊದಲ ದೋಷ ಸುಳ್ಳು ಹೇಳುವುದಲ್ಲ, ಎಣಿಕೆಯನ್ನು ಬಿಟ್ಟುಬಿಡುವುದು.

ವಿದ್ಯುತ್ ಆಘಾತದ ಗುಂಡಿ

1961 ಮತ್ತು 1962ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ಟಾನ್ಲಿ ಮಿಲ್‌ಗ್ರಾಂ ನಡೆಸಿದ ಪ್ರಯೋಗ ಇನ್ನೂ ಹೆಸರಾದದ್ದು. ತಪ್ಪು ಉತ್ತರ ಕೊಟ್ಟ ‘ವಿದ್ಯಾರ್ಥಿ’ಗೆ 15 ವೋಲ್ಟಿನಿಂದ 450 ವೋಲ್ಟಿನವರೆಗೆ ವಿದ್ಯುತ್ ಆಘಾತ ಕೊಡಬೇಕೆಂದು ಸಾಮಾನ್ಯ ಜನರಿಗೆ ಹೇಳಲಾಯಿತು. ಆಘಾತ ಸುಳ್ಳು, ಚೀರಾಟ ಸುಳ್ಳು, ವಿದ್ಯಾರ್ಥಿ ನಟ. ಪ್ರಸಿದ್ಧವಾದ ಸುತ್ತಿನಲ್ಲಿ 40 ಜನರ ಪೈಕಿ 26 ಜನ ಕೊನೆಯ ಗುಂಡಿಯವರೆಗೂ ಹೋದರು. ಮಿಲ್‌ಗ್ರಾಂ ಇದನ್ನು ಚಲನಚಿತ್ರವಾಗಿಯೂ ತೆಗೆದರು. ಆ ಚಿತ್ರ ತರಗತಿಯಿಂದ ತರಗತಿಗೆ ಹೋಯಿತು. ‘ನೂರರಲ್ಲಿ ಅರವತ್ತೈದು ಜನ ಅಧಿಕಾರದ ಮಾತಿಗೆ ಕೊಲೆಯನ್ನೂ ಮಾಡುತ್ತಾರೆ’ ಎಂಬ ಮಾತು ಲೋಕದಲ್ಲಿ ಉಳಿಯಿತು.

ಆದರೆ ಅವರು ಮಾಡಿದ್ದು ಒಂದು ಸುತ್ತಲ್ಲ, ಇಪ್ಪತ್ತಕ್ಕೂ ಹೆಚ್ಚು. ವಿದ್ಯಾರ್ಥಿಯನ್ನು ಅದೇ ಕೋಣೆಯಲ್ಲಿ ಎದುರಿಗೇ ಕೂರಿಸಿದಾಗ ಕೊನೆ ಮುಟ್ಟಿದವರು 40ರಲ್ಲಿ 16. ಅಧಿಕಾರಿ ಫೋನಿನಲ್ಲಿ ಆದೇಶ ಕೊಟ್ಟಾಗ ಐವರಲ್ಲಿ ಒಬ್ಬ. ಇಬ್ಬರು ಅಧಿಕಾರಿಗಳು ಒಬ್ಬರಿಗೊಬ್ಬರು ವಿರುದ್ಧ ಮಾತಾಡಿದಾಗ ಒಬ್ಬನೂ ಇಲ್ಲ. ಅಂದರೆ ಮನುಷ್ಯನ ಕ್ರೌರ್ಯ ಒಂದು ನಿಶ್ಚಿತ ಅಂಕಿಯಲ್ಲ, ಸಂದರ್ಭ ಬದಲಾದರೆ ಅದೂ ಬದಲಾಗುತ್ತದೆ. ಈ ಅಮೂಲ್ಯವಾದ ಪಾಠ ಜನಪ್ರಿಯ ಕಥೆಯಲ್ಲಿ ಕಳೆದುಹೋಯಿತು. ಆಸ್ಟ್ರೇಲಿಯಾದ ಲೇಖಕಿ ಜೀನಾ ಪೆರ್ರಿ ಯೇಲ್‌ನ ಕಡತಗಳನ್ನೂ ಧ್ವನಿಮುದ್ರಣಗಳನ್ನೂ ಪರಿಶೀಲಿಸಿ 2012ರಲ್ಲಿ ಪುಸ್ತಕ ಬರೆದರು. ಭಾಗವಹಿಸಿದವರಲ್ಲಿ ಎಷ್ಟೋ ಮಂದಿಗೆ ಇದು ನಾಟಕವೆಂಬ ಅನುಮಾನ ಇದ್ದದ್ದೂ, ಅಧಿಕಾರಿಯ ಪಾತ್ರಧಾರಿ ನಿಗದಿಯಾದ ಮಾತುಗಳನ್ನು ಮೀರಿ ಒತ್ತಾಯ ಮಾಡಿದ್ದೂ ಅದರಿಂದ ತಿಳಿದುಬಂತು.

2010ರಲ್ಲಿ ಫ್ರಾನ್ಸಿನ ಟಿ.ವಿ.ಯೊಂದು ಇದನ್ನೇ ಆಟದ ಕಾರ್ಯಕ್ರಮದ ವೇಷದಲ್ಲಿ ಮಾಡಿತು. ವಿಜ್ಞಾನಿಯ ಜಾಗದಲ್ಲಿ ನಿರೂಪಕಿ, ಸುತ್ತ ಚಪ್ಪಾಳೆ ತಟ್ಟುವ ಪ್ರೇಕ್ಷಕರು. ಹತ್ತರಲ್ಲಿ ಎಂಟು ಜನ ಕೊನೆ ಮುಟ್ಟಿದರು. ನಿರೂಪಕಿ ವೇದಿಕೆಯಿಂದ ಹೊರಟುಹೋದ ಸುತ್ತಿನಲ್ಲಿ ಬಹುಪಾಲು ಜನ ನಿಲ್ಲಿಸಿಬಿಟ್ಟರು. ಇಲ್ಲಿ ಸಂಶೋಧಕರು ಜೊತೆಗಿದ್ದರು, ಹೋಲಿಕೆಯ ಸುತ್ತುಗಳಿದ್ದವು, ಲೆಕ್ಕವನ್ನು ಅನಂತರ ಶಾಸ್ತ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಟಿ.ವಿ.ಯವರು ಎಲ್ಲರೆದುರು ಒಬ್ಬನನ್ನು ಸಾಯಲು ಬಿಡುತ್ತಾರೆಯೇ ಎಂದು ಸ್ಪರ್ಧಿ ಮನಸ್ಸಿನಲ್ಲೇ ಯೋಚಿಸಿರಬಹುದಲ್ಲವೇ? ಕ್ಯಾಮೆರಾ ಇದೆ ಎಂಬ ಅರಿವೇ ನಡತೆಯನ್ನು ಬದಲಿಸುತ್ತದೆ. ಇದು ಎರಡನೆಯ ದೋಷ.

ಎರಡು ಜೈಲುಗಳು

ಇಷ್ಟು ಓದಿದ ಮೇಲೆ ‘ಟಿ.ವಿ. ಸುಳ್ಳು, ವಿಶ್ವವಿದ್ಯಾನಿಲಯ ಸತ್ಯ’ ಎಂದು ನೀವು ತೀರ್ಮಾನಿಸಿದ್ದರೆ ಸ್ವಲ್ಪ ತಡೆಯಿರಿ.

1971ರ ಆಗಸ್ಟಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನೆಲಮಾಳಿಗೆಯಲ್ಲಿ ಫಿಲಿಪ್ ಜಿಂಬಾರ್ಡೊ ಒಂದು ಕೃತಕ ಜೈಲು ಕಟ್ಟಿದರು. ಆರಿಸಿದ 24 ಯುವಕರಲ್ಲಿ ಕೆಲವರು ಕೈದಿಗಳು, ಕೆಲವರು ಕಾವಲುಗಾರರು. ಕಾವಲುಗಾರರು ಎಷ್ಟು ಕ್ರೂರರಾದರೆಂದರೆ ಎರಡು ವಾರ ನಡೆಯಬೇಕಿದ್ದ ಪ್ರಯೋಗ ಆರೇ ದಿನಕ್ಕೆ ನಿಂತಿತು. ಅದೇ ವರ್ಷ ಅದು ಟಿ.ವಿ.ಯಲ್ಲಿ ಬಂತು, ಆಮೇಲೆ ಪಠ್ಯಪುಸ್ತಕಗಳಲ್ಲಿ ಬಂತು. ಸಮವಸ್ತ್ರ ಹಾಕಿಸಿದರೆ ಸಾಕು, ಒಳ್ಳೆಯವನೂ ರಾಕ್ಷಸನಾಗುತ್ತಾನೆ ಎಂದು ಜನ ನಂಬಿದರು. ಆದರೆ ಫ್ರಾನ್ಸಿನ ಸಂಶೋಧಕ ತಿಬೋ ಲ ತೆಕ್ಸಿಯೆ ಕಡತಗಳನ್ನು ತೆರೆದು 2018 ಮತ್ತು 2019ರಲ್ಲಿ ಪ್ರಕಟಿಸಿದ ಸಂಗತಿಗಳು ಬೇರೆ. ಹೇಗೆ ನಡೆದುಕೊಳ್ಳಬೇಕೆಂದು ಕಾವಲುಗಾರರಿಗೆ ಮೊದಲೇ ಸೂಚನೆಗಳು ಸಿಕ್ಕಿದ್ದವು. ಅತಿ ಕ್ರೂರನೆಂದು ಹೆಸರಾದ ಕಾವಲುಗಾರ ತಾನು ಸಿನಿಮಾದ ಪಾತ್ರವೊಂದನ್ನು ಅನುಕರಿಸಿ ನಟಿಸಿದ್ದಾಗಿ ಹೇಳಿದ್ದಾನೆ. 2024ರಲ್ಲಿ ತೀರಿಕೊಂಡ ಜಿಂಬಾರ್ಡೊ ಈ ಟೀಕೆಗಳನ್ನು ಒಪ್ಪಲಿಲ್ಲ, ತಮ್ಮ ಪ್ರಯೋಗವನ್ನು ಸಮರ್ಥಿಸಿಕೊಂಡರು.

ಇನ್ನೊಂದು ಜೈಲು ಬಿ.ಬಿ.ಸಿ. ಟಿ.ವಿ.ಗಾಗಿಯೇ ಕಟ್ಟಿದ್ದು. 2001ರ ಡಿಸೆಂಬರಿನಲ್ಲಿ ಚಿತ್ರೀಕರಣವಾಗಿ 2002ರಲ್ಲಿ ಪ್ರಸಾರವಾಯಿತು. ಅದನ್ನು ರೂಪಿಸಿದವರು ಸ್ಟೀಫನ್ ರೈಷರ್ ಮತ್ತು ಅಲೆಕ್ಸ್ ಹ್ಯಾಸ್ಲಂ ಎಂಬ ಮನೋವಿಜ್ಞಾನಿಗಳು. ಭಾಗವಹಿಸಿದವರು 15 ಮಂದಿ. ಸ್ವತಂತ್ರ ನೈತಿಕ ಸಮಿತಿಯೊಂದರ ನಿಗಾ ಇತ್ತು. ಇಲ್ಲಿ ಕಾವಲುಗಾರರು ಕ್ರೂರರಾಗಲಿಲ್ಲ, ಬದಲಿಗೆ ಅಧಿಕಾರ ಚಲಾಯಿಸಲು ಹಿಂಜರಿದರು. ಕೈದಿಗಳು ಒಗ್ಗಟ್ಟಾಗಿ ವ್ಯವಸ್ಥೆಯನ್ನೇ ಉರುಳಿಸಿದರು. ಹತ್ತು ದಿನವೆಂದುಕೊಂಡಿದ್ದ ಪ್ರಯೋಗ ಎಂಟನೇ ದಿನ ನಿಂತಿತು. ಇದು ಟಿ.ವಿ. ಆಟವೇ ಹೊರತು ವಿಜ್ಞಾನವಲ್ಲ ಎಂದು ಜಿಂಬಾರ್ಡೊ ಟೀಕಿಸಿದರು. ಆದರೆ ಸಂಶೋಧಕರು ತಮ್ಮ ವಿಧಾನವನ್ನೂ ಅಳತೆಗಳನ್ನೂ ವಿದ್ವಾಂಸರ ಪರಿಶೀಲನೆಗೆ ಒಪ್ಪಿಸಿ 2006ರಲ್ಲಿ ಪ್ರಕಟಿಸಿದರು.

ಈಗ ಹೇಳಿ, ಯಾವುದು ರಂಗಪ್ರಯೋಗ, ಯಾವುದು ವಿಜ್ಞಾನ? ವಿಶ್ವವಿದ್ಯಾನಿಲಯದಲ್ಲಿ ನಡೆದದ್ದರಲ್ಲಿ ನಾಟಕದ ಅಂಶ ಹೆಚ್ಚಿತ್ತು. ಟಿ.ವಿ.ಗಾಗಿ ನಡೆದದ್ದರಲ್ಲಿ ಲೆಕ್ಕ ಹೆಚ್ಚಿತ್ತು. ನಡೆದ ಜಾಗ ನೋಡಿ ನಂಬಬೇಡಿ, ದಾಖಲೆ ನೋಡಿ ನಂಬಿ. ವೃತ್ತಿಪರ ಸಂಶೋಧನೆಯೂ ಈ ಪರೀಕ್ಷೆಗೆ ಹೊರತಲ್ಲ. ಮನೋವಿಜ್ಞಾನದ ಪ್ರತಿಷ್ಠಿತ ಪತ್ರಿಕೆಗಳಲ್ಲಿ ಬಂದ 100 ಅಧ್ಯಯನಗಳನ್ನು ಸಂಶೋಧಕರ ದೊಡ್ಡ ತಂಡವೊಂದು ಮತ್ತೆ ಮಾಡಿ ನೋಡಿ 2015ರಲ್ಲಿ ವರದಿ ಕೊಟ್ಟಿತು. ಹಳೆಯ ಫಲಿತಾಂಶ ಮತ್ತೆ ಸ್ಪಷ್ಟವಾಗಿ ಕಂಡದ್ದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಅಧ್ಯಯನಗಳಲ್ಲಿ ಮಾತ್ರ.

ನಮ್ಮ ಮಕ್ಕಳ ಮುಂದಿನ ಮಿಠಾಯಿ

ಇದೆಲ್ಲ ಎಲ್ಲೋ ವಿದೇಶದ ಮಾತು, ಅರಸೀಕೆರೆಗೇನು ಸಂಬಂಧ ಎನ್ನಬೇಡಿ. ಇದರ ಬೆಲೆಯನ್ನು ನಮ್ಮ ಮಕ್ಕಳು ತೆರುತ್ತಾರೆ.

ಸ್ಟ್ಯಾನ್‌ಫರ್ಡಿನ ಆವರಣದ ಶಿಶುವಿಹಾರದಲ್ಲಿ ವಾಲ್ಟರ್ ಮಿಷೆಲ್ 1960ರ ದಶಕದ ಕೊನೆಯಿಂದ ಮಕ್ಕಳ ಮುಂದೆ ಮಿಠಾಯಿ ಇಟ್ಟು, ‘ನಾನು ಬರುವವರೆಗೆ ತಿನ್ನದಿದ್ದರೆ ಇನ್ನೊಂದು ಕೊಡುತ್ತೇನೆ’ ಎಂದು ಹೇಳಿ ನೋಡಿದರು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮುಂದಾದರು ಎಂಬ ಮಾತು ಜಗತ್ತನ್ನೇ ಸುತ್ತಿತು. ಆದರೆ ಮುಂದಿನ ಪರೀಕ್ಷಾ ಅಂಕಗಳು ಸಿಕ್ಕಿದ್ದು ನೂರಕ್ಕಿಂತ ಕಡಿಮೆ ಮಕ್ಕಳದು, ಅವರಲ್ಲಿ ಹೆಚ್ಚಿನವರು ವಿಶ್ವವಿದ್ಯಾನಿಲಯದ ಜನರ ಮಕ್ಕಳು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಪರಿಶೀಲಿಸಿದಾಗ ಆ ಸಂಬಂಧ ಅರ್ಧಕ್ಕೆ ಇಳಿಯಿತು. ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಬಹಳ ಕಡಿಮೆಯಾಯಿತು. 2013ರಲ್ಲಿ ಪ್ರಕಟವಾದ ಸೆಲೆಸ್ಟ್ ಕಿಡ್ ಅವರ ಚಿಕ್ಕ ಪ್ರಯೋಗವೊಂದನ್ನು ನಾವು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. ಮೊದಲು ಕೊಟ್ಟ ಮಾತನ್ನು ಉಳಿಸಿಕೊಂಡ ದೊಡ್ಡವರ ಮುಂದೆ 14 ಮಕ್ಕಳಲ್ಲಿ 9 ಮಕ್ಕಳು ಕೊನೆಯವರೆಗೂ ಕಾದರು. ಮಾತು ತಪ್ಪಿದ ದೊಡ್ಡವರ ಮುಂದೆ ಕಾದದ್ದು 14ರಲ್ಲಿ ಒಂದೇ ಮಗು. ಸಂಖ್ಯೆ ಚಿಕ್ಕದು ನಿಜ. ಆದರೂ ಅದು ಎತ್ತುವ ಪ್ರಶ್ನೆ ದೊಡ್ಡದು. ಕೂಲಿಗೆ ಹೋಗುವ ತಾಯಿಯ ಮಗು ಸಿಕ್ಕಿದ್ದನ್ನು ಸಿಕ್ಕಾಗಲೇ ತಿಂದರೆ ಅದು ಸಂಯಮದ ಕೊರತೆಯೋ, ಅನುಭವ ಕಲಿಸಿದ ಬುದ್ಧಿಯೋ? ಅಂಥ ಮಗುವಿಗೆ ‘ಇವನು ಮುಂದೆ ಬರುವುದಿಲ್ಲ’ ಎಂದು ಹಣೆಪಟ್ಟಿ ಅಂಟಿಸುವ ಅಧಿಕಾರವನ್ನು ಯಾವ ವಿಡಿಯೋ ನಮಗೆ ಕೊಟ್ಟಿದೆ?

ಇನ್ನೊಂದು ಉದಾಹರಣೆ ನೇರವಾಗಿ ಜೇಬಿಗೆ ಸಂಬಂಧಿಸಿದ್ದು. 2010ರ ದಶಕದಲ್ಲಿ ‘ಮಿಡ್‌ಬ್ರೈನ್ ಆಕ್ಟಿವೇಶನ್’ ಎಂಬ ತರಬೇತಿಗಳು ದೇಶದ ಎಲ್ಲೆಡೆ ಹಬ್ಬಿದವು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಕ್ಕಳು ಪುಸ್ತಕ ಓದುವುದನ್ನು, ಬಣ್ಣ ಗುರುತಿಸುವುದನ್ನು ಸುದ್ದಿವಾಹಿನಿಗಳು ಬೆರಗಿನಿಂದ ತೋರಿಸಿದವು. ಪೋಷಕರು ಸಾವಿರಾರು ರೂಪಾಯಿ ಶುಲ್ಕ ಕಟ್ಟಿದರು. ಮಂಗಳೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಜೀವರಸಾಯನಶಾಸ್ತ್ರ ಕಲಿಸಿದ, ವಿಚಾರವಾದಿ ಸಂಘಟನೆಗಳ ಒಕ್ಕೂಟದ ನಾಯಕರಾದ ನರೇಂದ್ರ ನಾಯಕ್ ಇದನ್ನು ಬಯಲಿಗೆಳೆಯಲು ಊರೂರು ತಿರುಗಿದರು. ಗುಟ್ಟು ಬಹಳ ಸರಳ. ಕಣ್ಣಿಗೆ ಬಟ್ಟೆ ಕಟ್ಟಿದರೂ ಮೂಗಿನ ಎರಡು ಬದಿಯಲ್ಲಿ ಸಣ್ಣ ಸಂದು ಉಳಿಯುತ್ತದೆ. ಅದರಿಂದ ಕೆಳಗೆ ಹಿಡಿದ ಪುಸ್ತಕ ಕಾಣುತ್ತದೆ. ಸಂದನ್ನು ಮುಚ್ಚಿದರೆ, ಇಲ್ಲವೇ ಪುಸ್ತಕವನ್ನು ತಲೆಯ ಹಿಂದೆ ಹಿಡಿದರೆ ಓದು ನಿಲ್ಲುತ್ತದೆ. ಇಲ್ಲಿ ನಷ್ಟ ಹಣದ್ದು ಮಾತ್ರವಲ್ಲ. ದೊಡ್ಡವರನ್ನು ಸಂತೋಷಪಡಿಸಲು ಕದ್ದು ನೋಡಿ, ನೋಡಲಿಲ್ಲ ಎಂದು ಹೇಳುವುದನ್ನು ಮಗು ಕಲಿಯಿತಲ್ಲ, ಅದು ದೊಡ್ಡ ನಷ್ಟ.

ಕೇಳಬೇಕಾದ ಪ್ರಶ್ನೆಗಳು

ವಿದ್ಯಾರ್ಥಿ ಮಿತ್ರರೇ, ಮುಂದೆ ಇಂಥ ಯಾವುದೇ ದೃಶ್ಯ ಕಂಡಾಗ ಈ ಐದು ಪ್ರಶ್ನೆ ಕೇಳಿ. ಒಟ್ಟು ಎಷ್ಟು ಜನರ ಮೇಲೆ ಮಾಡಿದರು, ತೋರಿಸಿದ್ದು ಎಷ್ಟು ಜನರನ್ನು? ಅವರನ್ನು ಹೇಗೆ ಆರಿಸಿದರು? ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಟ್ಟು ಹೋಲಿಸಿದರೇ? ಭಾಗವಹಿಸಿದವರಿಗೆ ನಾಟಕದ ಸುಳಿವು ಇತ್ತೇ? ಸಂಬಂಧವಿಲ್ಲದ ಬೇರೊಬ್ಬರು ಮಾಡಿ ನೋಡಿದಾಗಲೂ ಹಾಗೆಯೇ ಆಯಿತೇ? ಉತ್ತರ ಸಿಗದಿದ್ದರೆ ದೃಶ್ಯವನ್ನು ನೋಡಿ ನಗಿ, ಆದರೆ ಅದರ ಆಧಾರದ ಮೇಲೆ ಯಾರ ಬಗ್ಗೆಯೂ ತೀರ್ಪು ಕೊಡಬೇಡಿ. ಒಂದು ಬೀದಿಯಲ್ಲಿ ಚಿತ್ರಿಸಿದ ಎರಡು ನಿಮಿಷದ ವಿಡಿಯೋ ನೋಡಿ ‘ಆ ಊರಿನವರು ಹೀಗೆ, ಆ ಜನ ಹಾಗೆ’ ಎನ್ನುವ ಚಾಳಿ ಎಷ್ಟು ಅಪಾಯಕರ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅನುಮಾನಪಡುವುದಷ್ಟೇ ಸಾಲದು, ಮಾಡಿಯೂ ನೋಡಬೇಕು. 1969ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇದೇ ಮಿಲ್‌ಗ್ರಾಂ ಮತ್ತು ಸಂಗಡಿಗರು ನ್ಯೂಯಾರ್ಕಿನ ಬೀದಿಯಲ್ಲಿ ತಮ್ಮವರನ್ನು ನಿಲ್ಲಿಸಿ ಆರನೇ ಅಂತಸ್ತಿನ ಕಿಟಕಿಯ ಕಡೆ ನೋಡಿಸಿದರು. ಒಬ್ಬನೇ ನೋಡುತ್ತಿದ್ದಾಗ ದಾರಿಹೋಕರಲ್ಲಿ ನೂರಕ್ಕೆ 4 ಜನ ನಿಂತರು. ಹದಿನೈದು ಜನ ನೋಡುತ್ತಿದ್ದಾಗ ನೂರಕ್ಕೆ 40 ಜನ ನಿಂತರು. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ, ಯಾರಿಗೂ ನೋವಿಲ್ಲ. ನಮ್ಮ ಅರಸೀಕೆರೆಯ ಸಂತೆಯ ದಿನ, ವಾಹನಗಳ ಕಾಟವಿಲ್ಲದ ಜಾಗದಲ್ಲಿ, ಶಿಕ್ಷಕರ ಜೊತೆಗೆ ಹೋಗಿ ನೀವೂ ಇದನ್ನು ಮಾಡಬಹುದು. ಒಮ್ಮೆ ಒಬ್ಬರು, ಒಮ್ಮೆ ಐವರು, ಒಮ್ಮೆ ಹತ್ತು ಜನ ನಿಂತು ಮೇಲೆ ನೋಡಿ. ಇನ್ನಿಬ್ಬರು ಪಕ್ಕದಲ್ಲಿ ನೋಟ್‌ಪುಸ್ತಕ ಹಿಡಿದು ಎಣಿಸಲಿ. ನಿಂತವರಿಗೆ ಒಂದು ಗೆರೆ, ನಿಲ್ಲದೆ ಹೋದವರಿಗೆ ಇನ್ನೊಂದು ಗೆರೆ. ಎರಡನೆಯ ಸಾಲನ್ನು ಮರೆಯದೆ ಬರೆಯಿರಿ. ನಿಮ್ಮ ಲೆಕ್ಕ ನ್ಯೂಯಾರ್ಕಿನ ಲೆಕ್ಕಕ್ಕೆ ಹೊಂದದಿದ್ದರೂ ತಿದ್ದಬೇಡಿ. ದಿನಾಂಕ, ಸ್ಥಳ, ಸಮಯ ಹಾಕಿ, ದಾಸೋಜ ಮತ್ತು ಚಾವಣ ಮಾಡಿದಂತೆ ಕೆಳಗೆ ನಿಮ್ಮ ಹೆಸರು ಬರೆದು ಶಾಲೆಯ ಗ್ರಂಥಾಲಯದಲ್ಲಿ ಇಡಿ. ಮುಂದಿನ ವರ್ಷದ ಮಕ್ಕಳು ಅದನ್ನು ತೆಗೆದು ಮತ್ತೆ ಮಾಡಿ ನೋಡಲಿ.